ಎಚ್-4ನಲ್ಲಿರುವ ಹೆಣ್ಣುಮಗಳಿಗೆ ಗಂಡನ ಹಿಂಸೆ: ಡಿವೋರ್ಸ್ ಮೊದಲೋ, ವೀಸಾ ಮೊದಲೋ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಕನ್ನಡ ಕೂಟದ ಸಹಾಯ ಸಮಿತಿಗೆ ಬಂದ ಪ್ರಶ್ನೆ ಇದು. ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದಿದ್ದೀನಿ. ಜಾಗ ನ್ಯೂಜೆರ್ಸಿ. ಗಂಡ ಎಚ್-1ಬಿ (ಕೆಲಸದ ವೀಸಾ), ಹೆಂಡತಿ ಎಚ್-4 (ಅವನನ್ನ ಅವಲಂಬಿಸಿದ ವೀಸಾ), ಮಗು ಇಲ್ಲೇ ಅಮೆರಿಕದಲ್ಲಿ ಹುಟ್ಟಿದ್ದು. ಹೊಡೆತ ಇದೆ. ಪಾಸ್‌ಪೋರ್ಟ್ ಗಂಡನ ಬೀರುವಿನಲ್ಲಿ, ಕೀಲಿ ಅವನ ಜೇಬಿನಲ್ಲಿ. "ಒಂದು ಫೋನ್ ಮಾಡಿದ್ರೆ ಸಾಕು, ನಿನ್ನ ವೀಸಾ ಕ್ಯಾನ್ಸಲ್" ಅನ್ನೋ ಬೆದರಿಕೆ ದಿನವೂ ಇದೆ. ಊರಲ್ಲಿರೋ ಅಣ್ಣ "ಮೊದಲು ಡಿವೋರ್ಸ್ ಹಾಕು" ಅಂತಿದ್ದಾರೆ. ಇನ್ನೊಬ್ಬರು "ವಾವಾ ಹಾಕಿದ್ರೆ ಗ್ರೀನ್ ಕಾರ್ಡೇ ಬರುತ್ತೆ" ಅಂದಿದ್ದಾರೆ (ವಾವಾ ಅಂದ್ರೆ ಹಿಂಸೆಗೆ ಒಳಗಾದವರನ್ನ ಕಾಯೋ ಅಮೆರಿಕದ ಕಾನೂನು). ಯಾವುದು ಸರಿ? ಯಾವುದು ಮೊದಲು?

ಕಾನೂನು_ಕಟ್ಟೆ
ಎರಡೂ ಸರಿಯಲ್ಲ. ಅಣ್ಣನ ಸಲಹೆಯಂತೂ ಅಪಾಯ.

ಇಂಥ ಕೇಸಲ್ಲಿ ಮೊದಲ ಪ್ರಶ್ನೆ "ಎಷ್ಟು ಹೊಡೆದ" ಅನ್ನೋದಲ್ಲ, "ಗಂಡನ ಇಮಿಗ್ರೇಷನ್ ಸ್ಟೇಟಸ್ ಏನು" ಅನ್ನೋದು. ದಾರಿ ಅಲ್ಲೇ ಕವಲೊಡೆಯುತ್ತೆ. ಗಂಡ ಅಮೆರಿಕನ್ ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ದಾರ ಆಗಿದ್ರೆ ಮಾತ್ರ ವಾವಾ ಸೆಲ್ಫ್ ಪೆಟಿಷನ್, ಅಂದ್ರೆ ಆಕೆಯೇ ಹಾಕೋ ಐ-360 ಅರ್ಜಿ. 1994ರ ಕಾನೂನು ಅದು. ಗಂಡನ ಸಹಿ ಬೇಡ, ಅವನಿಗೆ ಗೊತ್ತಾಗೋದೂ ಬೇಡ, ಫೀಸೂ ಇಲ್ಲ. ಆದ್ರೆ ಇಲ್ಲಿ ಗಂಡ ಎಚ್-1ಬಿ. ಅವನಿಗೆ ಐ-140 (ಕಂಪನಿ ಹಾಕೋ ಗ್ರೀನ್ ಕಾರ್ಡ್ ಅರ್ಜಿ) ಅಪ್ರೂವ್ ಆಗಿ ಹತ್ತು ವರ್ಷದಿಂದ ಕ್ಯೂನಲ್ಲಿ ನಿಂತಿದ್ರೂ ವಾವಾ ಸಿಗಲ್ಲ.

ಡಿವೋರ್ಸ್ ವಿಷಯ: ತೀರ್ಪು ಬಂದ ದಿನವೇ ಎಚ್-4 ಮುಗೀತು. ಕೆಲಸ ಹೋದ ಎಚ್-1ಬಿಯವರಿಗೆ ಸಿಗೋ 60 ದಿನದ ಗ್ರೇಸ್ ಇಲ್ಲಿಲ್ಲ. ಆದ್ದರಿಂದ ತನ್ನದೇ ಆದ ಒಂದು ಸ್ಟೇಟಸ್‌ಗೆ ಅರ್ಜಿ ಒಳಗೆ ಹೋಗೋವರೆಗೆ ಡಿವೋರ್ಸ್ ತೀರ್ಪಿಗೆ ಆತುರ ಬೇಡ. ಬೇರೆ ಮನೆಯಲ್ಲಿ ಇರಬಹುದು, ರಕ್ಷಣಾ ಆದೇಶ ತರಬಹುದು, ಜೀವನಾಂಶ ಕೇಳಬಹುದು. ಇವ್ಯಾವುದಕ್ಕೂ ಮದುವೆ ಮುರಿಯಬೇಕಿಲ್ಲ.

ಇನ್ನು ಆ ಫೋನ್ ಬೆದರಿಕೆ. ಗಂಡ ಫೋನ್ ಮಾಡಿದ ಮಾತ್ರಕ್ಕೆ ಎಚ್-4 ರದ್ದಾಗಲ್ಲ. ಅದು ಬೀಳೋದು ಮದುವೆ ಮುರಿದಾಗ, ಇಲ್ಲಾ ಅವನ ಎಚ್-1ಬಿಯೇ ಹೋದಾಗ.

ಧಾರವಾಡ_ಪೇಡೆ
ವಾವಾ ಇಲ್ಲ ಅಂದಮ್ಯಾಗ ಏನೂ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ಅಪರಾಧಕ್ಕ ಬಲಿಯಾದವರಿಗೆ ಅಂತ ಯು ವೀಸಾ ಐತಿ. ಅದಕ್ಕ ಗಂಡನ ಸ್ಟೇಟಸ್ ಏನಿದ್ರೂ ನಡೀತದ. ಅಪರಾಧ ಅಮೆರಿಕಾದಾಗ ನಡೆದಿರಬೇಕು, ಅಥವಾ ಇಲ್ಲಿನ ಕಾನೂನು ಮುರಿದಿರಬೇಕು. ಪೊಲೀಸ್ರಿಗೆ ಸಹಕಾರ ಕೊಟ್ಟಿರಬೇಕು. ಮನೆಯೊಳಗಿನ ಹಿಂಸಾ, ಲೈಂಗಿಕ ದೌರ್ಜನ್ಯ, ಸ್ಟಾಕಿಂಗ್ (ಬೆನ್ನು ಹತ್ತಿ ಕಾಡೂದು), ಮಾನವ ಸಾಗಣೆ ಎಲ್ಲಾ ಆ ಪಟ್ಟಿಯೊಳಗ ಅದಾವ. ಫಾರ್ಮ್ ಐ-918, ಫೀಸ್ ಇಲ್ಲ.

ಬಿಸಿಬೇಳೆ_ಬಿಟ್ಸ್
ಯು ವೀಸಾ ಅಂತ ಎಲ್ಲರೂ ಸುಲಭವಾಗಿ ಹೇಳ್ತಾರೆ. ವರ್ಷಕ್ಕೆ 10,000 ಮಾತ್ರ ಅಂತ ಯಾರೂ ಹೇಳಲ್ಲ. ಕ್ಯೂ ವರ್ಷಗಟ್ಟಲೆ ಇದೆ. ಅಷ್ಟರಲ್ಲಿ ಮಗು ಹೈಸ್ಕೂಲಿಗೆ ಬಂದಿರುತ್ತೆ.

ಕಾನೂನು_ಕಟ್ಟೆ
@ಬಿಸಿಬೇಳೆ_ಬಿಟ್ಸ್ ಕ್ಯೂ ಉದ್ದ ಇರೋದು ನಿಜ. ಆದ್ರೆ ಅದಕ್ಕೇ ಬೇಗ ಒಳಗೆ ಹಾಕಬೇಕು. 2021ರ ಜೂನ್‌ನಿಂದ ಬೋನಾ ಫೈಡ್ ಡಿಟರ್ಮಿನೇಷನ್ ಅಂತ ಒಂದು ಮಧ್ಯದ ಮೆಟ್ಟಿಲು ಬಂದಿದೆ. ಅರ್ಜಿ ಪ್ರಾಮಾಣಿಕ ಅಂತ ಮೇಲ್ನೋಟಕ್ಕೆ ಕಂಡ್ರೆ, ಕ್ಯೂನಲ್ಲಿ ಇರುವಾಗಲೇ ಡಿಫರ್ಡ್ ಆಕ್ಷನ್ (ಗಡೀಪಾರು ಮುಂದೂಡಿಕೆ) ಮತ್ತು 4 ವರ್ಷದ ವರ್ಕ್ ಪರ್ಮಿಟ್ ಕೊಡಬಹುದು. ಅದು ತಲುಪೋಕೂ ಸಮಯ ಹಿಡಿಯುತ್ತೆ. ಯು ವೀಸಾ ಕೈಗೆ ಬಂದ ಮೇಲೆ ಅದೂ 4 ವರ್ಷ, 3 ವರ್ಷ ಇಲ್ಲೇ ಬಿಡದೆ ವಾಸ ಇದ್ರೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಹೆಚ್ಚು ಅರ್ಜಿ ಎಡವೋದು ಐ-918ರ ಜೊತೆ ಹೋಗೋ ಸಪ್ಲಿಮೆಂಟ್ ಬಿನಲ್ಲಿ. "ಈಕೆ ಸಂತ್ರಸ್ತೆ, ತನಿಖೆಗೆ ಸಹಕರಿಸಿದ್ದಾಳೆ" ಅಂತ ಪೊಲೀಸ್, ಪ್ರಾಸಿಕ್ಯೂಟರ್, ಜಡ್ಜ್ ಅಥವಾ ಮಕ್ಕಳ ರಕ್ಷಣಾ ಇಲಾಖೆ ಸಹಿ ಹಾಕಿ ಕೊಡೋ ಹಾಳೆ ಅದು. ಸಹಿ ಹಾಕಿದ 6 ತಿಂಗಳೊಳಗೆ ಐ-918 ಹೋಗಬೇಕು. ಅನೇಕರು ಮೊದಲೇ ಸಹಿ ಪಡೆದು, ಆಮೇಲೆ ಹೇಳಿಕೆ ಬರೆಯೋಕೆ ಕೂತು, ದಿನ ಕಳೆದು, ಮತ್ತೆ ಠಾಣೆಗೆ ಅಲೀತಾರೆ. ಹೇಳಿಕೆ, ಪುರಾವೆ, ಅನುವಾದ ಎಲ್ಲ ಮುಕ್ಕಾಲು ಪಾಲು ಮುಗಿಸಿಕೊಂಡು ಸಹಿಗೆ ಹೋಗಿ. ಗಂಡನಿಗೆ ಶಿಕ್ಷೆ ಆಗಲೇಬೇಕು ಅಂತಿಲ್ಲ, ಕೇಸ್ ಕೋರ್ಟಿಗೆ ಹೋಗಲೇಬೇಕು ಅಂತಲೂ ಇಲ್ಲ. ಆದ್ರೆ ಫೆಡರಲ್ ಕಾನೂನಿನ ಪ್ರಕಾರ ಆ ಅಧಿಕಾರಿ ಸಹಿ ಹಾಕಲೇಬೇಕು ಅಂತಲೂ ಇಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಗಡುವು ಹಾಕಿವೆ.

ಕರಾವಳಿ_ಕಡಲು
ಮಾರಾಯ್ರೆ, ಅರ್ಜಿ ಗಿರ್ಜಿ ಎಲ್ಲ ಆಮೇಲೆ. ಇವತ್ತು ರಾತ್ರಿ ಹೊಡೆದರೆ ಆಕೆ ಎಂತ ಮಾಡುವುದು? ಅದನ್ನು ಮೊದಲು ಹೇಳಿ.

ಶರಾವತಿ_ಸಾಲು
@ಕರಾವಳಿ_ಕಡಲು ಹೇಳ್ತೀನಿ. 911ಗೆ ಫೋನ್ ಮಾಡಿ ಮೊದಲ ವಾಕ್ಯದಲ್ಲೇ ವಿಳಾಸ, ಎರಡನೆಯದರಲ್ಲಿ "ಕನ್ನಡ ಇಂಟರ್ಪ್ರಿಟರ್". ಇಂಗ್ಲಿಷ್ ಅಲ್ಪಸ್ವಲ್ಪ ಬಂದ್ರೂ ಇಂಟರ್ಪ್ರಿಟರ್ ಕೇಳಿ. ಯಾಕೆ ಅಂದ್ರೆ ಪೊಲೀಸ್ ಬಾಗಿಲಿಗೆ ಬಂದಾಗ ನಿರರ್ಗಳವಾಗಿ ಮಾತಾಡೋದು ಗಂಡ. "ಸಣ್ಣ ಜಗಳ ಆಫೀಸರ್, ಅವಳೇ ನನ್ನ ಪರಚಿದಳು" ಅಂತ ಕೈ ತೋರಿಸ್ತಾನೆ. ಆಕೆ ತಪ್ಪಿಸಿಕೊಳ್ಳೋಕೆ ಉಗುರು ಹಾಕಿರ್ತಾಳೆ. ಅವನ ಕೈಮೇಲೆ ಕೆಂಪು ಗೀರು ಎದ್ದು ಕಾಣುತ್ತೆ, ಆಕೆಯ ಕತ್ತು ಹಿಸುಕಿದ ಗುರುತು ಏಳೋದು ಮಾರನೇ ದಿನ. ಆಕೆಯೇ ಕೈಕೋಳ ಹಾಕಿಸಿಕೊಂಡು ಹೋದ ಕೇಸ್‌ಗಳು ಹೀಗೇ ಆಗೋದು. ಆದ್ದರಿಂದ "ಕತ್ತು ಹಿಸುಕಿದ", "ಉಸಿರು ಕಟ್ಟಿತು", "ಬಿಡಿಸಿಕೊಳ್ಳೋಕೆ ಪರಚಿದೆ" ಅನ್ನೋದನ್ನ ಅದೇ ರಾತ್ರಿ ರಿಪೋರ್ಟ್‌ನಲ್ಲಿ ಬರೆಸಬೇಕು. ನುಂಗೋಕೆ ನೋವು, ಧ್ವನಿ ಬದಲಾಗಿದೆ ಅಂದ್ರೆ ಅವತ್ತೇ ಆಸ್ಪತ್ರೆಗೆ. ಫೋಟೋ ಅದೇ ದಿನ ಒಮ್ಮೆ, ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ.

ಒಂದು ವೇಳೆ ಆಕೆಯ ಮೇಲೇ ಕೇಸ್ ಬಿದ್ರೆ, "ಸಣ್ಣ ದಂಡ ಕಟ್ಟಿ ಮುಗಿಸೋಣ" ಅಂತ ತಪ್ಪೊಪ್ಪಿಕೊಳ್ಳಬಾರದು. ಆ ಒಂದು ಸಹಿಯಿಂದ ಮುಂದೆ ಗಡೀಪಾರು ಆಗಬಹುದು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ರೆ ಡಿಫೆನ್ಸ್ ವಕೀಲ ಅದನ್ನ ಹೇಳಲೇಬೇಕು ಅಂತ 2010ರಲ್ಲಿ ಪಡಿಲ್ಲಾ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಆಕೆಯ ಪರ ಸರ್ಕಾರವೇ ಕೊಡೋ ವಕೀಲ (ಪಬ್ಲಿಕ್ ಡಿಫೆಂಡರ್) ಸಿಕ್ಕಿದ್ರೆ ಬಾಯಿಬಿಟ್ಟು ಕೇಳಿ.

ಮೈಸೂರು_ಪಾಕ
ನ್ಯೂಜೆರ್ಸಿ ಅಂದ್ರಲ್ಲ, ಅಲ್ಲಿನ ರಕ್ಷಣಾ ಆದೇಶ ಗಟ್ಟಿ. ಸುಪೀರಿಯರ್ ಕೋರ್ಟಿನ ಫ್ಯಾಮಿಲಿ ವಿಭಾಗದಲ್ಲಿ ತಾತ್ಕಾಲಿಕ ಆದೇಶ, ಅಂದ್ರೆ ಟಿಆರ್‌ಓಗೆ ಅರ್ಜಿ, ಫೀಸ್ ಇಲ್ಲ. ರಾತ್ರಿ, ವಾರಾಂತ್ಯದಲ್ಲಿ ಪೊಲೀಸ್ ಠಾಣೆ ಮೂಲಕವೇ ಆಗುತ್ತೆ. ಅಂತಿಮ ವಿಚಾರಣೆ 10 ದಿನದ ಒಳಗೆ ಇಡ್ತಾರೆ. ಅಲ್ಲಿ ಗೆದ್ರೆ ಬರೋ ಅಂತಿಮ ಆದೇಶ, ಅಂದ್ರೆ ಎಫ್‌ಆರ್‌ಓಗೆ ಕೊನೆಯ ದಿನಾಂಕ ಇಲ್ಲ, ಕೋರ್ಟ್ ತೆಗೆಯೋವರೆಗೆ ಇರುತ್ತೆ. ಅನೇಕ ರಾಜ್ಯಗಳಲ್ಲಿ ಒಂದೆರಡು ವರ್ಷಕ್ಕೆ ಮುಗಿದು ಮತ್ತೆ ಕೇಳಬೇಕಾಗುತ್ತೆ.

ಅರ್ಜಿಯಲ್ಲಿ ಹಳೆಯ ಘಟನೆಗಳನ್ನೂ ಬರೆಸಬೇಕು. ಕೊನೇ ಹೊಡೆತ ಮಾತ್ರ ಬರೆಸಿ, ವಿಚಾರಣೆ ದಿನ "ಇದಕ್ಕೂ ಮೊದಲೂ ಹೊಡೀತಿದ್ದ" ಅಂದ್ರೆ ಎದುರು ವಕೀಲ "ಅರ್ಜಿಯಲ್ಲಿ ಎಲ್ಲಿದೆ?" ಅಂತಾನೆ. ಬೇಕಾದ ಪರಿಹಾರವನ್ನೂ ಹೆಸರಿಟ್ಟು ಕೇಳಿ: ಗಂಡ ಮನೆ ಬಿಡಬೇಕು, ಮಗುವಿನ ತಾತ್ಕಾಲಿಕ ಕಸ್ಟಡಿ, ಖರ್ಚಿಗೆ ಹಣ, ಜೊತೆಗೆ ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ಮಗುವಿನ ಬರ್ತ್ ಸರ್ಟಿಫಿಕೇಟು ವಾಪಸ್ಸು.

ನೇರ_ನುಡಿ
ಒಂದು ಪಕ್ಷದ ಮಾತು ಕೇಳಿ ಎಲ್ಲರೂ ಶುರು ಹಚ್ಕೊಂಡ್ರಲ್ಲ. ಊರಲ್ಲಿ 498ಎ ದುರ್ಬಳಕೆ ನೋಡಿದ್ದು ಸಾಲದೆ? ಗ್ರೀನ್ ಕಾರ್ಡ್ ಆಸೆಗೆ ಸುಳ್ಳು ಕೇಸ್ ಹಾಕೋರು ಇಲ್ವಾ?

ಶರಾವತಿ_ಸಾಲು
@ನೇರ_ನುಡಿ ಎಚ್-4ನಿಂದ ವಾವಾ ಗ್ರೀನ್ ಕಾರ್ಡ್ ಬರಲ್ಲ ಅಂತ ಮೇಲೆ ಆಗಲೇ ಬರೆದಿದೆ. ಯು ವೀಸಾಗೆ ವರ್ಷಗಟ್ಟಲೆ ಕಾಯಬೇಕು, ಪೊಲೀಸ್ ಸಹಿ ಬೇಕು. ಇದು ಆಸೆಗೆ ಹಿಡಿಯೋ ದಾರಿ ಅಲ್ಲ. ಎಫ್‌ಆರ್‌ಓ ವಿಚಾರಣೆಯಲ್ಲಿ ಆಕೆ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕು, ಅವನ ವಕೀಲ ಪಾಟೀಸವಾಲು ಮಾಡ್ತಾನೆ. ಮತ್ತೆ ಈ ಕಾನೂನುಗಳಲ್ಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಹೆಂಡತಿ ಸಿಟಿಜನ್ ಆಗಿ ಗಂಡನಿಗೆ ಹಿಂಸೆ ಕೊಟ್ರೆ ಗಂಡನೂ ಐ-360 ಹಾಕಬಹುದು. 21 ದಾಟಿದ ಸಿಟಿಜನ್ ಮಗ ತಂದೆತಾಯಿಗೆ ಹಿಂಸೆ ಕೊಟ್ರೆ ಅವರೂ ಹಾಕಬಹುದು. ಮೊಮ್ಮಗು ನೋಡ್ಕೊಳ್ಳೋಕೆ ಅಂತ ಕರೆಸಿಕೊಂಡ ಎಷ್ಟು ಅಪ್ಪ ಅಮ್ಮಂದಿರಿಗೆ ಇದು ಗೊತ್ತು?

ನೇರ_ನುಡಿ
ತಂದೆತಾಯಿ ವಿಷಯ ಹೊಸದು. ಆದ್ರೂ ಗಂಡನಿಗೆ ಆದೇಶ ಬಿದ್ರೆ ಅವನ ಎಚ್-1ಬಿ ಹೋಗುತ್ತೆ, ಇಡೀ ಸಂಸಾರ ಬೀದಿಗೆ. ಅದನ್ನೂ ಹೇಳಿ.

ಕಾನೂನು_ಕಟ್ಟೆ
@ನೇರ_ನುಡಿ ರಕ್ಷಣಾ ಆದೇಶ ಸಿವಿಲ್ ಸ್ವರೂಪದ್ದು, ಅದು ಬಂದ ಮಾತ್ರಕ್ಕೆ ಯಾರೂ ಗಡೀಪಾರು ಆಗಲ್ಲ. ಗಡೀಪಾರಿಗೆ ಕಾರಣ ಆಗೋದು ಕೌಟುಂಬಿಕ ಹಿಂಸೆಯ ಅಪರಾಧಕ್ಕೆ ಶಿಕ್ಷೆ, ಅಥವಾ ಆದೇಶದ ರಕ್ಷಣಾ ಭಾಗವನ್ನ ಮುರಿದಿದ್ದಾನೆ ಅಂತ ಕೋರ್ಟ್ ತೀರ್ಮಾನಿಸಿದ್ರೆ. ಎರಡನೆಯದಕ್ಕೆ ಕ್ರಿಮಿನಲ್ ಶಿಕ್ಷೆಯೂ ಬೇಕಿಲ್ಲ. "ಸಾರಿ ಹೇಳೋಕೆ ಒಂದು ಮೆಸೇಜ್" ಹಾಕೋರು ಇಲ್ಲೇ ಸಿಕ್ಕಿಬೀಳೋದು.

ಅವನ ಎಚ್-1ಬಿ ಹೋದ್ರೆ ಆಕೆಯ ಎಚ್-4 ಕೂಡ ಬೀಳುತ್ತೆ ಅನ್ನೋದು ನಿಜ. ಈ ಭಯಕ್ಕೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡಿರ್ತಾರೆ. ಅದಕ್ಕೇ ಆಕೆ ಹೆಸರಲ್ಲೇ ಒಂದು ಅರ್ಜಿ ಇರಲಿ ಅನ್ನೋದು.

ಧಾರವಾಡ_ಪೇಡೆ
ಐ-765ವಿ ಯಾರೂ ಹೇಳಲಿಲ್ಲ ನೋಡ್ರಿ! ಎಚ್-4ನವರಿಗೂ ನಡಿಯೋ ಫಾರ್ಮ್ ಅದು. ಎ, ಇ-3, ಜಿ, ಎಚ್ ವೀಸಾದವರ ಹೆಂಡತಿ ಅಥವಾ ಗಂಡ ಹಿಂಸಾ ಅನುಭವಿಸಿದ್ರ ವರ್ಕ್ ಪರ್ಮಿಟ್, 2 ವರ್ಷದ್ದು. ಸಾದಾ ಎಚ್-4 ಇಎಡಿಗೆ (ವರ್ಕ್ ಪರ್ಮಿಟ್ಟಿಗೆ) ಗಂಡನ ಐ-140 ಬೇಕು, ಅವನ ಕಾಗದ ಬೇಕು. ಇದಕ್ಕ ಐ-140 ಬ್ಯಾಡ. ಕೈಯಾಗ ನಾಕು ಕಾಸು ಬಂದ್ರ ಹೆಣ್ಣುಮಗಳು ಅರ್ಧ ಗೆದ್ದಂಗ.

ಬಿಸಿಬೇಳೆ_ಬಿಟ್ಸ್
@ಧಾರವಾಡ_ಪೇಡೆ ಇಎಡಿ ಅಂದ್ರೆ ಸ್ಟೇಟಸ್ ಅಲ್ಲ ಸ್ವಾಮಿ. ಕೆಲಸ ಮಾಡೋ ಪರವಾನಗಿ ಅಷ್ಟೆ. ಡಿವೋರ್ಸ್ ಆಗಿ ಎಚ್-4 ಹೋಯ್ತು ಅಂದ್ರೆ ಕೈಯಲ್ಲಿ ಕಾರ್ಡ್ ಇರುತ್ತೆ, ಕಾಲಡಿ ನೆಲ ಇರಲ್ಲ.

ಕಾನೂನು_ಕಟ್ಟೆ
ಇಬ್ಬರೂ ಹೇಳಿದ್ದು ಸೇರಿಸಿಕೊಳ್ಳಿ. ಮದುವೆ ಇರುವಾಗಲೇ ಐ-765ವಿ. ಅದರ ಜೊತೆಗೆ ಸ್ಟೇಟಸ್ ಉಳಿಸಿಕೊಳ್ಳೋಕೆ ಐ-539 ಫಾರ್ಮ್ ಮೂಲಕ ಬಿ-2 (ವಿಸಿಟರ್) ಅಥವಾ ಎಫ್-1 (ವಿದ್ಯಾರ್ಥಿ) ವೀಸಾಗೆ ಬದಲಾವಣೆ, ಇದು ಎಚ್-4 ಜೀವಂತ ಇರುವಾಗಲೇ ಹೋಗಬೇಕು. ಎಫ್-1ಗೆ ಐ-20 (ಕಾಲೇಜು ಕೊಡೋ ಪ್ರವೇಶದ ಕಾಗದ) ಮತ್ತು ಹಣದ ಪುರಾವೆ ಬೇಕು. ತವರಿನವರು ನಿಜಕ್ಕೂ ನೆರವಾಗಬೇಕಾದ್ದು ಇಲ್ಲಿ, "ಡಿವೋರ್ಸ್ ಹಾಕು" ಅನ್ನೋದರಲ್ಲಿ ಅಲ್ಲ. ಪೊಲೀಸ್ ರಿಪೋರ್ಟ್ ಇದ್ರೆ ಪಕ್ಕದಲ್ಲೇ ಯು ವೀಸಾ ಕೆಲಸವೂ ನಡೀಲಿ.

ತುಂಗಾತೀರ
ತುಂಬಾ ಉಪಯೋಗ ಆಯ್ತು. ಒಂದು ವಿಷಯ ಬಿಟ್ಟಿದ್ದೆ. ಅತ್ತೆ ಮಾವ ಇರೋ ಸಂಬಂಧಿಕರ ಮೋಟೆಲಿನಲ್ಲಿ ಆಕೆಯಿಂದ ದಿನಾ ರೂಮ್ ಕ್ಲೀನಿಂಗ್ ಮಾಡಿಸ್ತಾರಂತೆ, ಸಂಬಳ ಇಲ್ಲ. ಮಾಡಲ್ಲ ಅಂದ್ರೆ ಹೊಡೆತ, ಊಟ ಇಲ್ಲ, "ಇಮಿಗ್ರೇಷನ್‌ಗೆ ಹಿಡಿದು ಕೊಡ್ತೀವಿ" ಅಂತ.

ಶರಾವತಿ_ಸಾಲು
ಅಯ್ಯೋ, ಇದನ್ನ ಮೊದಲೇ ಹೇಳಬೇಕಿತ್ತು. ಇಡೀ ಕೇಸಿನ ಸ್ವರೂಪವೇ ಬದಲಾಗುತ್ತೆ. ಇದು ಬಲವಂತದ ದುಡಿಮೆ, ಅಂದ್ರೆ ಮಾನವ ಸಾಗಣೆಯ ವ್ಯಾಖ್ಯೆಗೆ ಬರಬಹುದು. ಸಾಗಣೆಯ ಸಂತ್ರಸ್ತರಿಗಿರೋ ಟಿ ವೀಸಾ ನೋಡಬೇಕು.

ಸಾಗಣೆ ಅಂದ್ರೆ ಲಾರಿಯಲ್ಲಿ ತುಂಬಿ ಗಡಿ ದಾಟಿಸೋದು ಅಂತಲೇ ಜನ ತಿಳಿದಿರೋದು. ಕಾನೂನು ನೋಡೋದು ಬಲ, ಮೋಸ ಅಥವಾ ಒತ್ತಡದಿಂದ ದುಡಿಸಿಕೊಂಡ್ರಾ ಅನ್ನೋದನ್ನ. ಗಡಿ ದಾಟಿಸಿರಬೇಕಿಲ್ಲ, ಸರಪಳಿಯಲ್ಲಿ ಕಟ್ಟಿರಬೇಕಿಲ್ಲ, ದುಡಿಸಿಕೊಂಡವರು ಸಂಬಂಧಿಕರಾದ್ರೂ ಅಷ್ಟೇ. "ಇಮಿಗ್ರೇಷನ್‌ಗೆ ಕೊಡ್ತೀವಿ" ಅನ್ನೋದು ಕಾನೂನು ಪ್ರಕ್ರಿಯೆಯ ದುರ್ಬಳಕೆಯ ಬೆದರಿಕೆ, ಬಲವಂತದ ದುಡಿಮೆಯ ಫೆಡರಲ್ ಕಾನೂನಿನಲ್ಲಿ ಅದಕ್ಕೇ ಜಾಗ ಇದೆ. ಶಿಕ್ಷೆ 20 ವರ್ಷದವರೆಗೆ. ದುಡಿಸಿಕೊಳ್ಳೋ ಸಲುವಾಗಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ್ರೆ ಅದು ಬೇರೆಯೇ ಅಪರಾಧ, 5 ವರ್ಷದವರೆಗೆ.

ಬಿಸಿಬೇಳೆ_ಬಿಟ್ಸ್
ಹಾಗಾದ್ರೆ ಸೊಸೆ ಮನೆಗೆಲಸ ಮಾಡಿದ್ರೆಲ್ಲ ಸಾಗಣೆನಾ?

ಶರಾವತಿ_ಸಾಲು
@ಬಿಸಿಬೇಳೆ_ಬಿಟ್ಸ್ ಅಲ್ಲ. ಅಡುಗೆ ಮಾಡು ಅಂತ ಅತ್ತೆ ಗದರಿದ್ರೆ ಅದು ಸಾಗಣೆ ಅಲ್ಲ. ಮಾಡದಿದ್ರೆ ಏನಾಗುತ್ತೆ ಅನ್ನೋದರಲ್ಲಿದೆ ಎಲ್ಲ. ಬಿಟ್ಟುಹೋಗೋ ಆಯ್ಕೆ ಇತ್ತಾ? ಬಿಟ್ರೆ ಹೊಡೆತ, ಗಡೀಪಾರು, ಮಗುವನ್ನ ಕಿತ್ತುಕೊಳ್ಳೋದು ಅನ್ನೋ ಭಯ ಹುಟ್ಟಿಸಿದ್ರಾ? ಹೇಳಿಕೆಯಲ್ಲಿ ಇದನ್ನೇ ಬಿಡಿಸಿ ಬರೀಬೇಕು: ಎಷ್ಟು ಗಂಟೆಗೆ ಶುರು, ದಿನಕ್ಕೆ ಎಷ್ಟು ರೂಮು, ಯಾರು ಕಾವಲು, ಜ್ವರ ಬಂದ ದಿನ ಏನಾಯ್ತು, ಫೋನ್ ಯಾರ ಕೈಲಿತ್ತು.

ಕಾನೂನು_ಕಟ್ಟೆ
ಟಿ ವೀಸಾದ ಕೆಲವು ಅನುಕೂಲ: ವರ್ಷಕ್ಕೆ 5,000 ಮಿತಿ ಇದ್ರೂ 2023ರವರೆಗೆ ಅದು ಯಾವತ್ತೂ ತುಂಬಿರಲಿಲ್ಲ, ಹಾಗಾಗಿ ಯು ವೀಸಾದಂಥ ಕ್ಯೂ ಇರಲಿಲ್ಲ. ಫಾರ್ಮ್ ಐ-914, ಫೀಸ್ ಇಲ್ಲ. ಪೊಲೀಸ್ ಸಹಿಯ ಹಾಳೆ ಇದ್ರೆ ಒಳ್ಳೇದು, ಕಡ್ಡಾಯ ಅಲ್ಲ. ಆದ್ರೆ ತನಿಖೆಯವರ ನ್ಯಾಯವಾದ ಕೋರಿಕೆಗೆ ಸಹಕರಿಸಬೇಕು. 18ಕ್ಕಿಂತ ಚಿಕ್ಕವರಿಗೆ, ಆಘಾತದಿಂದ ಸಹಕರಿಸಲಾಗದವರಿಗೆ ವಿನಾಯಿತಿ ಇದೆ. ಈ ದೇಶದಿಂದ ಕಳಿಸಿದ್ರೆ ತೀವ್ರ ಸಂಕಷ್ಟ ಆಗುತ್ತೆ ಅಂತಲೂ ತೋರಿಸಬೇಕು. 2024ರ ಆಗಸ್ಟ್ 28ರಿಂದ ಜಾರಿಯಾದ ನಿಯಮದಲ್ಲಿ ಟಿಗೂ ಬೋನಾ ಫೈಡ್ ಹಂತ ಬಂದಿದೆ.

ಎಡವೋ ಜಾಗ ಒಂದೇ, ದೇಶ ಬಿಡೋದು. ಸಾಗಣೆಯ ಕಾರಣದಿಂದಲೇ ಅಮೆರಿಕದಲ್ಲಿ ಇದ್ದೀನಿ ಅಂತ ತೋರಿಸಬೇಕಾದ ಅರ್ಜಿ ಇದು. "ಎರಡು ತಿಂಗಳು ಅಮ್ಮನ ಮನೆಗೆ ಹೋಗಿ ಸುಧಾರಿಸಿಕೊಂಡು ಬರ್ತೀನಿ" ಅಂತ ಹೋದ್ರೆ ಆ ಕೊಂಡಿಯೇ ಕಳಚುತ್ತೆ.

ಮೈಸೂರು_ಪಾಕ
ದುಡಿಮೆ ಕೇಸ್ ಅಂದ್ರೆ ಸಿಗ್ನಲ್ ಇಂಟರ್‌ನ್ಯಾಷನಲ್ ಕಂಪನಿಯ ಕೇಸ್ ನೆನಪಾಗುತ್ತೆ. ಕತ್ರಿನಾ ಚಂಡಮಾರುತದ ನಂತರ ಸುಮಾರು 500 ಭಾರತೀಯ ವೆಲ್ಡರ್, ಪೈಪ್‌ಫಿಟ್ಟರ್‌ಗಳನ್ನ ಗ್ರೀನ್ ಕಾರ್ಡ್ ಆಸೆ ತೋರಿಸಿ ಎಚ್-2ಬಿ (ತಾತ್ಕಾಲಿಕ ಕೆಲಸದ ವೀಸಾ) ಮೇಲೆ ಕರೆತಂದಿದ್ರು. ಏಜೆಂಟರಿಗೆ ತಲಾ 10,000 ಡಾಲರಿಗೂ ಮೇಲೆ ಕಟ್ಟಿ ಬಂದವರು. ಮಿಸಿಸಿಪಿ, ಟೆಕ್ಸಸ್‌ನ ಕ್ಯಾಂಪ್‌ಗಳಲ್ಲಿ ತುರುಕಿ, ವಾಸಕ್ಕೆ ಅಂತ ತಿಂಗಳಿಗೆ 1,050 ಡಾಲರ್ ಸಂಬಳದಲ್ಲೇ ಮುರೀತಿದ್ರು. 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಐದು ಜನಕ್ಕೆ 1.4 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಸಾಗಣೆ ಕಾನೂನಿನಲ್ಲಿ ಸಂತ್ರಸ್ತರೇ ಸಿವಿಲ್ ದಾವೆ ಹಾಕಬಹುದು, 10 ವರ್ಷದ ಗಡುವು. ಈ ಹೆಣ್ಣುಮಗಳೂ ಮೋಟೆಲಿನ ಬಾಕಿ ಸಂಬಳ ಕೇಳಬಹುದು, ವರ್ಕ್ ಪರ್ಮಿಟ್ ಇರಲಿಲ್ಲ ಅನ್ನೋದು ಅದಕ್ಕೆ ಅಡ್ಡಿ ಅಲ್ಲ.

ಕರಾವಳಿ_ಕಡಲು
ಪಾಸ್‌ಪೋರ್ಟ್ ಸಿಗದಿದ್ದರೆ? ಅದಿಲ್ಲದೆ ಎಲ್ಲಿಗೂ ಹೋಗ್ಲಿಕ್ಕಾಗುದಿಲ್ಲ ಅಂತ ಹೆದರಿ ಕೂತಿರ್ತಾರೆ.

ಮೈಸೂರು_ಪಾಕ
@ಕರಾವಳಿ_ಕಡಲು ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಗಂಡನದ್ದಲ್ಲ. ಪಾಸ್‌ಪೋರ್ಟ್ ಕಾಯಿದೆ 17ನೇ ಸೆಕ್ಷನ್. ಪೊಲೀಸ್ ರಿಪೋರ್ಟ್ ಮಾಡಿಸಿ ಕಾನ್ಸುಲೇಟ್‌ಗೆ ಹೊಸ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬಹುದು. ನ್ಯೂಜೆರ್ಸಿಯವರಿಗೆ ನ್ಯೂಯಾರ್ಕ್ ಕಾನ್ಸುಲೇಟ್. ರಿಪೋರ್ಟ್‌ನಲ್ಲಿ "ಕಳೆದುಹೋಯ್ತು" ಅಂತ ಬರೆಸಬೇಡಿ, "ಗಂಡ ಇಟ್ಟುಕೊಂಡು ಕೊಡ್ತಿಲ್ಲ" ಅಂತ ಇರೋ ನಿಜವನ್ನೇ ಬರೆಸಿ. ಮುಂದೆ ಅದೇ ಪುರಾವೆ. ಅಮೆರಿಕಕ್ಕೆ ಬಂದ ದಾಖಲೆಯಾದ ಐ-94 ಆನ್‌ಲೈನ್‌ನಲ್ಲೇ ಸಿಗುತ್ತೆ, ಪಾಸ್‌ಪೋರ್ಟ್ ನಂಬರ್ ನೆನಪಿದ್ರೆ ಸಾಕು. ಹಳೇ ಟಿಕೆಟ್ ಬುಕಿಂಗ್‌ನ ಇಮೇಲ್‌ನಲ್ಲಿ ನಂಬರ್ ಸಿಗೋದುಂಟು.

ಬೆಳ್ಳಿ_ಬೆಟ್ಟ
ಫೋನ್ ಬಗ್ಗೆ ಯಾರೂ ಬರೆದಿಲ್ಲ. ಗಂಡನ ಫ್ಯಾಮಿಲಿ ಪ್ಲಾನ್‌ನಲ್ಲಿರೋ ಫೋನಿಂದ ಇದನ್ನೆಲ್ಲ ಓದಿದ್ರೆ, ವಕೀಲರಿಗೆ ಕರೆ ಮಾಡಿದ್ರೆ ಬಿಲ್‌ನಲ್ಲೇ ಕಾಣುತ್ತೆ. ಗೂಗಲ್ ಅಕೌಂಟ್ ಹಂಚಿಕೊಂಡಿದ್ರೆ ಫೋಟೋ, ಲೊಕೇಷನ್, ಹುಡುಕಿದ್ದು ಎಲ್ಲ ಅವನ ಲ್ಯಾಪ್‌ಟಾಪ್‌ಗೂ ಹೋಗುತ್ತೆ. ಲೈಬ್ರರಿಯ ಕಂಪ್ಯೂಟರ್‌ನಲ್ಲಿ ಹೊಸ ಇಮೇಲ್ ತೆರೆದು ಎಲ್ಲ ಕಾಗದ ಅದರಲ್ಲಿ ಇಡಬೇಕು, ಆ ಇಮೇಲ್ ಮನೆಯ ಯಾವ ಫೋನಲ್ಲೂ ತೆರೆಯಬಾರದು. 2022ರ ಸೇಫ್ ಕನೆಕ್ಷನ್ಸ್ ಕಾಯಿದೆ ಪ್ರಕಾರ ಆಕೆಯ ನಂಬರನ್ನ ಗಂಡನ ಅಕೌಂಟ್‌ನಿಂದ ಬೇರೆ ಮಾಡಿಕೊಡಿ ಅಂತ ಕಂಪನಿಗೆ ಕೇಳಬಹುದು. ಸರಿಯಾದ ಕಾಗದ ಕೊಟ್ಟ ಮೇಲೆ 2 ಕೆಲಸದ ದಿನದಲ್ಲಿ ಮಾಡಬೇಕು, ಗಂಡನ ಒಪ್ಪಿಗೆ ಬೇಡ.

ರೆಕಾರ್ಡಿಂಗ್ ಮಾಡ್ಬಹುದಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನ್ಯೂಜೆರ್ಸಿಯಲ್ಲಿ ತಾನು ಭಾಗಿಯಾದ ಮಾತುಕತೆಯನ್ನ ರೆಕಾರ್ಡ್ ಮಾಡಬಹುದು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಫ್ಲೋರಿಡಾದಲ್ಲಿ ಎಲ್ಲರ ಒಪ್ಪಿಗೆ ಬೇಕು. ಅಲ್ಲಿ ವಕೀಲರನ್ನ ಕೇಳದೆ ಒತ್ತಬೇಡಿ.

ಪದ್ಮಪತ್ರ
ನಮ್ಮ ಪರಿಚಯದವರ ಪ್ರಶ್ನೆ, ಸ್ವಲ್ಪ ಬೇರೆ. ಗಂಡ ಸಿಟಿಜನ್, ಆಕೆಗೆ 2 ವರ್ಷದ ಕಂಡಿಷನಲ್ (ಷರತ್ತಿನ) ಗ್ರೀನ್ ಕಾರ್ಡ್. ಆ ಷರತ್ತು ತೆಗೆಸೋ ಅರ್ಜಿ ಐ-751. "ಐ-751ಗೆ ನಾನು ಸಹಿ ಹಾಕಲ್ಲ" ಅಂತಿದ್ದಾನೆ.

ಕಾನೂನು_ಕಟ್ಟೆ
@ಪದ್ಮಪತ್ರ ಸಹಿ ಹಾಕದಿದ್ರೆ ಬಿಡಲಿ. ಐ-751 ಅನ್ನೇ ವೇವರ್ (ಜಂಟಿ ಸಹಿಯಿಂದ ವಿನಾಯಿತಿ) ಕೇಳಿ ಒಬ್ಬಳೇ ಹಾಕಬಹುದು. ಜಂಟಿ ಅರ್ಜಿಗೆ ಕಾರ್ಡ್ ಮುಗಿಯೋ ಮೊದಲಿನ 90 ದಿನದ ಕಿಟಕಿ, ವೇವರ್‌ಗೆ ಅದಿಲ್ಲ, ಯಾವಾಗ ಬೇಕಾದ್ರೂ ಹಾಕಬಹುದು. ಹಿಂಸೆಯ ಆಧಾರದ ಮೇಲೆ ಕೇಳಿದ್ರೆ ಡಿವೋರ್ಸ್ ಆಗಿರಬೇಕು ಅಂತಿಲ್ಲ. ಹಿಂಸೆಯ ಜೊತೆಗೆ ಮದುವೆ ಪ್ರಾಮಾಣಿಕ ಅಂತಲೂ ತೋರಿಸಬೇಕು. ಇನ್ನೊಂದು, ಗಂಡ ಐ-864ಗೆ (ಆಕೆಯ ಖರ್ಚು ನೋಡ್ಕೊಳ್ತೀನಿ ಅನ್ನೋ ಮುಚ್ಚಳಿಕೆ) ಸಹಿ ಹಾಕಿರ್ತಾನಲ್ಲ, ಅದು ಕಾಂಟ್ರಾಕ್ಟ್. ಆಕೆಯ ಆದಾಯ ಬಡತನ ರೇಖೆಯ 125 ಶೇಕಡಕ್ಕಿಂತ ಕೆಳಗಿದ್ರೆ ತುಂಬಿಕೊಡೋ ಹೊಣೆ ಅವನದು, ಡಿವೋರ್ಸ್ ಆದ್ರೂ ಅದು ಮುಗಿಯಲ್ಲ. ಕೋರ್ಟಿನಲ್ಲಿ ಕೇಳಿ ಪಡೀಬಹುದು. ಎಷ್ಟೋ ಡಿವೋರ್ಸ್ ವಕೀಲರು ಇದನ್ನ ಕೇಳೋದೇ ಇಲ್ಲ.

ಪದ್ಮಪತ್ರ
ಅವನು ಯುಎಸ್‌ಸಿಐಎಸ್‌ಗೆ (ವೀಸಾ, ಗ್ರೀನ್ ಕಾರ್ಡ್ ಅರ್ಜಿ ನೋಡೋ ಅಮೆರಿಕದ ಇಲಾಖೆ) "ಇದು ಮೋಸದ ಮದುವೆ" ಅಂತ ಪತ್ರ ಬರೆದ್ರೆ?

ಶರಾವತಿ_ಸಾಲು
@ಪದ್ಮಪತ್ರ ಬರೀತಾರೆ, ಸಾಮಾನ್ಯವಾಗಿ ಅದೇ ಮೊದಲು ಮಾಡೋದು. ಆದ್ರೆ ಹಿಂಸೆ ಕೊಟ್ಟವನ ಮಾತೊಂದನ್ನೇ ಆಧಾರ ಮಾಡಿಕೊಂಡು ಆಕೆಯ ವಿರುದ್ಧ ತೀರ್ಮಾನ ಮಾಡಬಾರದು ಅಂತ ಕಾನೂನಿದೆ, 8 ಯುಎಸ್‌ಸಿ 1367. ವಾವಾ, ಯು, ಟಿ ಅರ್ಜಿ ಹಾಕಿದ್ದಾಳಾ ಇಲ್ವಾ ಅಂತ ಅವನಿಗೆ ಹೇಳೋದೂ ನಿಷಿದ್ಧ. ಮನೆಗೆ ಬರೋ ಲಕೋಟೆ ಮಾತ್ರ ಎಲ್ಲ ಹೇಳಿಬಿಡುತ್ತೆ, ಫಾರ್ಮ್‌ನಲ್ಲಿ ಸುರಕ್ಷಿತ ವಿಳಾಸದ ಜಾಗ ಇದೆ, ವಕೀಲರ ಆಫೀಸಿನ ವಿಳಾಸ ಕೊಡಿ.

ಐ-360 ಹಾಕೋರಿಗೂ ಸೇರಿಸಿ ಹೇಳ್ತೀನಿ: ಡಿವೋರ್ಸ್ ಆಗಿದ್ರೆ 2 ವರ್ಷದೊಳಗೆ ಹಾಕಬೇಕು, ಡಿವೋರ್ಸ್‌ಗೂ ಹಿಂಸೆಗೂ ಸಂಬಂಧ ತೋರಿಸಬೇಕು. ಅಪ್ರೂವ್ ಆಗೋಕೆ ಮೊದಲೇ ಮರುಮದುವೆ ಆದ್ರೆ ಅರ್ಜಿ ಬಿತ್ತು. ಕಳೆದ 3 ವರ್ಷದಲ್ಲಿ 6 ತಿಂಗಳಿಗಿಂತ ಹೆಚ್ಚು ಇದ್ದ ಪ್ರತಿ ಊರಿನ ಪೊಲೀಸ್ ಕ್ಲಿಯರೆನ್ಸ್ ಬೇಕು. ಕನ್ನಡದ ವಾಟ್ಸಾಪ್ ಮೆಸೇಜ್ ಹಾಕೋದಾದ್ರೆ ದಿನಾಂಕ ಕಾಣೋ ಸ್ಕ್ರೀನ್‌ಶಾಟು, ಪಕ್ಕದಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ, ಕೆಳಗೆ "ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣ ಮತ್ತು ಸರಿ" ಅಂತ ಅನುವಾದಕರ ಸಹಿ. ನೋಟರಿ ಬೇಡ. ಬೈಗುಳವನ್ನ ಮೆತ್ತಗೆ ಮಾಡಿ ಅನುವಾದಿಸಬೇಡಿ, ಮರ್ಯಾದೆಗೆ ಅಂಜಿ "ಕೆಟ್ಟ ಮಾತು ಬೈದ" ಅಂತ ಬರೆದ್ರೆ ಓದೋ ಅಧಿಕಾರಿಗೆ ಏನೂ ತಿಳಿಯಲ್ಲ.

ಧಾರವಾಡ_ಪೇಡೆ
ಹೇಳಿಕಿ ಬರಿಯೂ ಮುಂದ "ದಿನಾ ಹಿಂಸಾ ಕೊಡ್ತಿದ್ದ" ಅಂತ ಒಂದ ಸಾಲಿನ್ಯಾಗ ಮುಗಸಬ್ಯಾಡ್ರಿ. ಅಡಗಿಮನ್ಯಾಗ ನಿಂತಿದ್ಳೋ, ಕಾರಿನ್ಯಾಗೋ, ಯಾವ ಕೈಲೆ ಹೊಡದ, ಮಗು ಎಲ್ಲಿತ್ತು, ಆಮ್ಯಾಲ ಬಾಗಲಾ ಯಾರು ತಗದ್ರು. ತಾರೀಖು ನೆನಪಿಲ್ಲ ಅಂದ್ರ "ದೀಪಾವಳಿ ಆಗಿ ಮರುವಾರ" ಅಂತ ಬರೀರಿ, ನಡೀತದ. ಗೊತ್ತಿಲ್ಲದ ತಾರೀಖು ಹಾಕಿದ್ರ ಪೊಲೀಸ್ ರಿಪೋರ್ಟ್ ಜೋಡಿ ಹೊಂದೂದಿಲ್ಲ, ಅಲ್ಲೇ ಕೆಡತದ.

ನೇರ_ನುಡಿ
ಇಷ್ಟೆಲ್ಲ ಒದ್ದಾಟ ಯಾಕೆ, ಮಗು ಎತ್ತಿಕೊಂಡು ಊರಿಗೆ ಬಂದುಬಿಡೋದಲ್ವಾ? ತವರಿದೆ.

ಮೈಸೂರು_ಪಾಕ
@ನೇರ_ನುಡಿ ಬೇಡವೇ ಬೇಡ. ತಂದೆಯ ಪೋಷಕ ಹಕ್ಕಿಗೆ ಅಡ್ಡಿ ಮಾಡೋ ಉದ್ದೇಶದಿಂದ ಮಗುವನ್ನ ದೇಶದಿಂದ ಹೊರಗೆ ಒಯ್ದರೆ ಫೆಡರಲ್ ಅಪರಾಧ, 1993ರ ಕಾಯಿದೆ, 3 ವರ್ಷದವರೆಗೆ ಜೈಲು. ಹಿಂಸೆಯಿಂದ ಓಡಿ ಬಂದೆ ಅನ್ನೋ ಸಮರ್ಥನೆಗೆ ಅದೇ ಕಾಯಿದೆಯಲ್ಲಿ ಜಾಗ ಇದೆ, ಆದ್ರೆ ಅದನ್ನ ಸಾಬೀತು ಮಾಡೋದು ಕೇಸ್ ಬಿದ್ದ ಮೇಲೆ. ಭಾರತ ಹೇಗ್ ಮಕ್ಕಳ ಒಪ್ಪಂದಕ್ಕೆ (ದೇಶ ದಾಟಿಸಿದ ಮಗುವನ್ನ ವಾಪಸ್ ಕಳಿಸೋ ಒಪ್ಪಂದ) ಸಹಿ ಹಾಕಿಲ್ಲ ಅನ್ನೋ ಧೈರ್ಯದಲ್ಲಿ ಬರ್ತಾರೆ. ಅಮೆರಿಕದಲ್ಲಿ ವಾರಂಟ್ ಇದ್ರೆ ಮತ್ತೆ ಆ ನೆಲಕ್ಕೆ ಕಾಲಿಡೋದು ಹೇಗೆ? ಮಗುವಿನ ಜೊತೆ ಹೋಗೋದಾದ್ರೆ ಕಸ್ಟಡಿ ಆದೇಶದಲ್ಲೇ ಪ್ರಯಾಣದ ಅನುಮತಿ ಬರೆಸಿಕೊಂಡು ಹೋಗಿ.

ಸೋನೆಮಳೆ
ಉಲ್ಟಾನೂ ಆಗುತ್ತೆ. ರಜೆಗೆ ಅಂತ ಕರ್ಕೊಂಡು ಬಂದು, ಬೆಂಗಳೂರಲ್ಲಿ ಬಿಟ್ಟು, ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಎತ್ಕೊಂಡು ಗಂಡ ವಾಪಸ್. ಆಮೇಲೆ ಅಲ್ಲಿಂದ ಡಿವೋರ್ಸ್ ನೋಟಿಸ್. ಆಗೇನು?

ಕಾನೂನು_ಕಟ್ಟೆ
@ಸೋನೆಮಳೆ ಗ್ರೀನ್ ಕಾರ್ಡ್ ಇದ್ದವರು ಹೊರಗೆ ಬಂದು 1 ವರ್ಷ ಆಗಿಲ್ಲದಿದ್ರೆ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಐ-131ಎ ಹಾಕಿ ವಿಮಾನ ಹತ್ತೋ ಪತ್ರ ತಗೋಬಹುದು. ವರ್ಷ ದಾಟಿದ್ರೆ ಕಷ್ಟ, ದಿನ ಎಣಿಸಿಕೊಳ್ಳಿ. ಹಿಂಸೆ ಅಮೆರಿಕದಲ್ಲಿ ನಡೆದಿದ್ರೆ ಐ-360 ಭಾರತದಿಂದಲೂ ಹಾಕಬಹುದು.

ಡಿವೋರ್ಸ್ ನೋಟಿಸನ್ನ ಡಬ್ಬಿಗೆ ಹಾಕಬೇಡಿ. ನ್ಯೂಜೆರ್ಸಿಯಲ್ಲಿ ಉತ್ತರಕ್ಕೆ 35 ದಿನ. ಸುಮ್ಮನಿದ್ರೆ ಒಂದೇ ಪಕ್ಷದ ಮಾತು ಕೇಳಿ ತೀರ್ಪು.

ಮೈಸೂರು_ಪಾಕ
@ಕಾನೂನು_ಕಟ್ಟೆ ಒಂದು ತಿದ್ದುಪಡಿ. ಉತ್ತರ ಕೊಡೋ ಮೊದಲು ಊರಿನ ವಕೀಲರನ್ನೂ ಕೇಳಬೇಕು. 1991ರ ವೈ. ನರಸಿಂಹರಾವ್ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು: ಹಿಂದೂ ಮದುವೆಗೆ ವಿದೇಶಿ ಡಿವೋರ್ಸ್ ಇಲ್ಲಿ ಭಾರತದಲ್ಲಿ ಒಪ್ಪಿಗೆ ಆಗಬೇಕಾದ್ರೆ ಕಾರಣ ನಮ್ಮ ವಿವಾಹ ಕಾಯಿದೆಯಲ್ಲಿ ಇರೋದಾಗಿರಬೇಕು, ಎದುರು ಪಕ್ಷ ಆ ಕೋರ್ಟಿಗೆ ಮನಸಾರೆ ಒಳಪಟ್ಟಿರಬೇಕು. ಅಲ್ಲಿಗೆ ಹೋಗಿ ಪೂರ್ತಿ ವಾದ ಮಾಡಿದ್ರೆ ಇಲ್ಲಿ "ಆ ಕೋರ್ಟಿಗೆ ಅಧಿಕಾರ ಇರಲಿಲ್ಲ" ಅನ್ನೋ ವಾದ ಸೊರಗುತ್ತೆ. ಹೋಗದಿದ್ರೆ ಮಗು, ಆಸ್ತಿ ವಿಷಯದಲ್ಲಿ ಅಲ್ಲಿ ಸೋಲು. ಅಧಿಕಾರ ವ್ಯಾಪ್ತಿಯನ್ನೇ ಪ್ರಶ್ನಿಸಿ ಹಾಜರಾಗೋ ದಾರಿ ಇದೆ, ಅದನ್ನ ಎರಡೂ ಕಡೆ ವಕೀಲರು ಮಾತಾಡಿಕೊಂಡು ಮಾಡಬೇಕು. ಭಾರತದಲ್ಲಿ ದೂರು ಕೊಡೋಕೆ ಗಂಡನ ಊರಿಗೆ ಹೋಗಬೇಕಿಲ್ಲ, ಆಶ್ರಯ ಪಡೆದ ಜಾಗದಲ್ಲೇ ಕೊಡಬಹುದು ಅಂತ 2019ರ ರೂಪಾಲಿ ದೇವಿ ತೀರ್ಪು ಇದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ಸೆಲ್ಲೂ ಇದೆ.

ಬಿಸಿಬೇಳೆ_ಬಿಟ್ಸ್
ಎಲ್ಲ ಸರಿ, ದುಡ್ಡು? ಇಮಿಗ್ರೇಷನ್ ವಕೀಲರ ಫೀಸ್ ಕೇಳಿದ್ರೆ ಮತ್ತೆ ಗಂಡನ ಮನೆಗೇ ಹೋಗ್ತಾರೆ.

ಬೆಳ್ಳಿ_ಬೆಟ್ಟ
@ಬಿಸಿಬೇಳೆ_ಬಿಟ್ಸ್ ಫೆಡರಲ್ ಹಣ ಪಡೆಯೋ ಲೀಗಲ್ ಏಡ್ ಕಚೇರಿಗಳು ಸಾಮಾನ್ಯವಾಗಿ ವೀಸಾದವರ ಕೇಸ್ ತಗೊಳ್ಳಲ್ಲ, ಆದ್ರೆ ಕೌಟುಂಬಿಕ ಹಿಂಸೆ, ಸಾಗಣೆಯ ಸಂತ್ರಸ್ತರಿಗೆ ವಿನಾಯಿತಿ ಇದೆ. ರಿಸೆಪ್ಷನ್‌ನಲ್ಲಿ "ಗ್ರೀನ್ ಕಾರ್ಡ್ ಇಲ್ವಾ, ಆಗಲ್ಲ" ಅಂದ್ರೆ ಈ ವಿನಾಯಿತಿ ಹೆಸರು ಹೇಳಿ ಮೇಲಿನವರನ್ನ ಕೇಳಿ. ನಮ್ಮ ಕಡೆ ಜನರಿಗೇ ಅಂತ ಇರೋ ಸಂಸ್ಥೆಗಳು: ನ್ಯೂಜೆರ್ಸಿಯಲ್ಲಿ ಮಾನವಿ, ನ್ಯೂಯಾರ್ಕ್‌ನಲ್ಲಿ ಸಖಿ, ಬೇ ಏರಿಯಾದಲ್ಲಿ ಮೈತ್ರಿ ಮತ್ತು ನಾರಿಕಾ, ಶಿಕಾಗೋದಲ್ಲಿ ಅಪ್ನಾ ಘರ್, ಹ್ಯೂಸ್ಟನ್‌ನಲ್ಲಿ ದಯಾ, ಅಟ್ಲಾಂಟಾದಲ್ಲಿ ರಕ್ಷಾ. ರಾಷ್ಟ್ರೀಯ ಹಿಂಸೆ ಹಾಟ್‌ಲೈನ್ 1-800-799-7233, ಸಾಗಣೆಗೆ 1-888-373-7888. ಎರಡೂ 24 ಗಂಟೆ, ಇಂಟರ್ಪ್ರಿಟರ್ ಸಿಗ್ತಾರೆ.

ಟ್ರಾವೆಲ್ ಏಜೆಂಟ್, ಟ್ಯಾಕ್ಸ್ ಮಾಡೋರು, "ಫಾರ್ಮ್ ತುಂಬಿಕೊಡ್ತೀನಿ" ಅನ್ನೋರ ಹತ್ತಿರ ಹೋಗಬೇಡಿ. ವಕೀಲರಿರಬೇಕು, ಇಲ್ಲಾ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿ ಇರಬೇಕು, ಆ ಪಟ್ಟಿ ಆನ್‌ಲೈನ್‌ನಲ್ಲಿದೆ. ಗಂಡನ ಎಚ್-1ಬಿ ಮಾಡಿಸಿದ ವಕೀಲರೂ ಬೇಡ, ಅವರು ಅವನ ಕಡೆಯವರು. ಅರ್ಜಿ ತಿರಸ್ಕಾರ ಆದ್ರೆ ಈಗ ಗಡೀಪಾರು ಪ್ರಕ್ರಿಯೆಯ ನೋಟಿಸ್ ಬರೋ ಸಂಭವ ಮೊದಲಿಗಿಂತ ಹೆಚ್ಚು, ಹಾಗಾಗಿ ಅರೆಬೆಂದ ಅರ್ಜಿ ಹಾಕಬಾರದು.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಆಕೆ ಒಪ್ಪಿದ್ರೆ ಮಾನವಿಗೆ ನಾವೇ ಮೊದಲ ಫೋನ್ ಮಾಡೋಣ ಅಂತ ಸಮಿತಿಯಲ್ಲಿ ಮಾತಾಗಿದೆ. ಮೋಟೆಲ್ ಕೆಲಸದ ಪುರಾವೆಗೆ ಏನು ಕೂಡಿಡೋದು? ಆಕೆ ಹೆಸರಲ್ಲಿ ಪೇ ಸ್ಲಿಪ್ ಏನೂ ಇಲ್ಲ.

ಶರಾವತಿ_ಸಾಲು
@ತುಂಗಾತೀರ ಪೇ ಸ್ಲಿಪ್ ಇಲ್ಲದಿರೋದೇ ಸಹಜ. ರೂಮ್ ಕ್ಲೀನಿಂಗ್ ಚಾರ್ಟ್ ಗೋಡೆಗೆ ಅಂಟಿಸಿರ್ತಾರೆ, ಅದರ ಫೋಟೋ. "203 ಆಯ್ತಾ, 207 ಬೇಗ ಮುಗಿಸು" ಅನ್ನೋ ಥರದ ಮೆಸೇಜ್‌ಗಳು. ಫೋನಿನ ಲೊಕೇಷನ್ ಹಿಸ್ಟರಿ, ಬ್ಲೀಚ್‌ನಿಂದ ಸುಟ್ಟ ಕೈಯ ಫೋಟೋ, ಡಾಕ್ಟರ್ ಚೀಟಿ. ಜೊತೆಗೆ ಕೆಲಸ ಮಾಡೋ ಇನ್ನೊಬ್ಬರ ಹೆಸರು. ಆದ್ರೆ ಫೋಟೋ ತೆಗೆಯೋಕೆ ಹೋಗಿ ಸಿಕ್ಕಿಬೀಳೋ ಹಾಗಿದ್ರೆ ಅದೂ ಬೇಡ, ಆಕೆಯ ವಿವರವಾದ ಹೇಳಿಕೆಯನ್ನೂ ಪುರಾವೆ ಅಂತಲೇ ತಗೊಳ್ತಾರೆ.

ಕರಾವಳಿ_ಕಡಲು
ಮತ್ತೆ ಆ ಫೋನ್ ಹಗಲು ಹೊತ್ತು, ಗಂಡ ಆಫೀಸಿನಲ್ಲಿರುವಾಗ ಮಾಡಿ ಮಾರಾಯ್ರೆ. ವಾಪಸ್ ಕರೆ ಮಾಡ್ಲಿಕ್ಕೆ ಆಕೆಯ ನಂಬರ್ ಕೊಡಬೇಡಿ, ಸಮಿತಿಯದ್ದು ಕೊಡಿ.